ನರ್ಸ್ ನೌಕರಿ ಬಿಡಬೇಕೆಂದಿರುವ ಗಡಿಭಾಗದ ಸಿಸ್ಟರ್‌ಗಳಿಗೆ ಒಂದು ಬಹಿರಂಗ ಪತ್ರ

ಸದಲಗಾ, ಯಕ್ಸಂಬಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅಕ್ಕ-ತಂಗಿಯರೇ, ಈಚೆಗೆ ಇದೇ ಕೆಲಸಕ್ಕೆ ಬಂದಿರುವ ತಮ್ಮಂದಿರೇ,



ನಿಮ್ಮಲ್ಲಿ ಕೆಲವರು ಮಿರಜಿನಲ್ಲಿದ್ದೀರಿ, ಕೆಲವರು ಸಾಂಗಲಿ, ಕೊಲ್ಹಾಪುರ, ಇಚಲಕರಂಜಿಯಲ್ಲಿ, ಇನ್ನು ಕೆಲವರು ಬೆಳಗಾವಿಯಲ್ಲಿ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ದೂಧಗಂಗೆಯ ದಂಡೆಯವರಾದ ನಮಗೆ ಅದು ದವಾಖಾನೆಯ ಊರು. ಅಲ್ಲಿಗೆ ಪೇಶಂಟ್ ಆಗಿ ಹೋದವರೂ ನಾವೇ, ಸಿಸ್ಟರ್ ಆಗಿ ಹೋದವರೂ ನಾವೇ. ಊರಲ್ಲಿ ಹತ್ತನೇತ್ತೆ, ಪಿಯುಸಿ ಮುಗಿಸಿದ ಹುಡುಗಿಗೆ ಬೇಗ ನೌಕರಿ ಸಿಗಬೇಕೆಂದರೆ ಡಿ.ಎಡ್. ಇಲ್ಲವೇ ನರ್ಸಿಂಗ್ ಎಂದು ಮನೆಯವರು ಹೇಳುತ್ತಿದ್ದ ಕಾಲವಿತ್ತು. ಹಾಗೆ ಹೋದವರಲ್ಲಿ ನಾನೂ ಒಬ್ಬಳು. ಈಗ ವಾರ್ಡಿನಲ್ಲಿಲ್ಲ, ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಈ ಸುದ್ದಿ ತಿಳಿದವರು ಫೋನ್ ಮಾಡುತ್ತಾರೆ, ಜಾತ್ರೆಯಲ್ಲಿ ಸಿಕ್ಕಾಗ ಬದಿಗೆ ಕರೆದು ಕೇಳುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಉತ್ತರವನ್ನು ಎಲ್ಲರಿಗೂ ಕೂಡಿಯೇ ಬರೆಯುತ್ತಿದ್ದೇನೆ.

ನೌಕರಿ ಬಿಡುವ ಮಾತು ತೆಗೆದ ಕೂಡಲೇ ನಮ್ಮ ಕಡೆ ಮೂರು ಮಾತು ಬರುತ್ತವೆ. ಹಿರಿಯರದು ಮೊದಲನೆಯದು: “ಪುಣ್ಯದ ಕೆಲಸ ಬಿಡ್ತಾರೇನು?” ಅಪ್ಪನದು ಎರಡನೆಯದು: “ಇಷ್ಟು ರೊಕ್ಕ ಸುರಿದು ಕಲಿಸಿದ್ದು ಇದಕ್ಕೇನವ್ವಾ?” ಮೂರನೆಯದನ್ನು ಓಣಿಯವರು ಕೇಳುತ್ತಾರೆ, ರಾತ್ರಿ ಮಲಗಿದಾಗ ನಾವೂ ಕೇಳಿಕೊಳ್ಳುತ್ತೇವೆ: “ಮುಂದ ಯಾರು ಕೇಳ್ತಾರ ನಿನ್ನ?” ಈ ಮೂರಕ್ಕೂ ಉತ್ತರವಿದೆ.

ಪುಣ್ಯದ ಮಾತು ಮೊದಲು. ಕೋರ್ಸಿನ ಆರಂಭದಲ್ಲಿ ದೀಪ ಹಿಡಿಸಿ ನಮ್ಮಿಂದ ಪ್ರತಿಜ್ಞೆ ಮಾಡಿಸಿದರು. ಅದು ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನಲ್ಲಿದೆಯೇ ಹೊರತು ಆಕೆ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿಯವರು ರಚಿಸಿದ್ದು. ಇನ್ನು ನೈಟಿಂಗೇಲ್ ಬಾಯಿಯ ಬದುಕನ್ನೇ ನೋಡಿ. ಹುಟ್ಟಿದ್ದು 1820ರ ಮೇ 12ರಂದು, ತೀರಿಕೊಂಡದ್ದು 1910ರಲ್ಲಿ. ಈ ತೊಂಬತ್ತು ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ನಿಂತು ಕೆಲಸ ಮಾಡಿದ್ದು 1853ರಿಂದ 1856ರವರೆಗೆ, ಅಂದರೆ ಮೂರು ವರ್ಷದ ಆಸುಪಾಸು: ಮೊದಲು ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆ, ಆಮೇಲೆ ಕ್ರಿಮಿಯಾ ಯುದ್ಧದ ಗಾಯಾಳುಗಳ ಆಸ್ಪತ್ರೆ. ಅಲ್ಲಿಂದ ಆರೋಗ್ಯ ಕೆಡಿಸಿಕೊಂಡು ಬಂದ ಮೇಲೆ ಆಕೆ ಮತ್ತೆ ವಾರ್ಡಿನ ಡ್ಯೂಟಿಗೆ ಹೋಗಲಿಲ್ಲ. ಹಿಡಿದದ್ದು ಲೆಕ್ಕದ ಪುಸ್ತಕ. ಸೈನಿಕರು ಗುಂಡಿಗಿಂತ ಹೆಚ್ಚಾಗಿ ಹೊಲಸಿನಿಂದ ಬರುವ ರೋಗಕ್ಕೆ ಸಾಯುತ್ತಿದ್ದಾರೆಂದು ಅಂಕಿಗಳನ್ನು ಚಿತ್ರವಾಗಿಸಿ ಸರಕಾರಕ್ಕೆ ತೋರಿಸಿದಳು. 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘ ಅವಳನ್ನು ತನ್ನ ಮೊದಲ ಮಹಿಳಾ ಸದಸ್ಯಳಾಗಿ ಆರಿಸಿತು. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಊರುಗಳ ಚರಂಡಿ, ಕುಡಿಯುವ ನೀರು, ಬರಗಾಲ, ಕಾಲುವೆ ನೀರಾವರಿಯ ಬಗ್ಗೆ ದಶಕಗಟ್ಟಲೆ ಬರೆದಳು. ನರ್ಸಿಂಗ್ ಶಾಲೆಯನ್ನೂ ಆಕೆ ಕಟ್ಟಿಸಿದ್ದು ವಾರ್ಡು ಬಿಟ್ಟ ಮೇಲೆ, 1860ರಲ್ಲಿ. ಯಾರ ಹೆಸರು ಹೇಳಿ ನಮ್ಮನ್ನು ವಾರ್ಡಿಗೆ ಕಟ್ಟಿಹಾಕುತ್ತಾರೋ ಆಕೆಯೇ ಕೆಲಸ ಬದಲಿಸಿದವಳು.

ನಮ್ಮ ಸದಲಗಾ ಕೂಡ ಬಿಟ್ಟುಹೋಗುವುದರ ಬೆಲೆ ತಿಳಿಯದ ಊರಲ್ಲ. 1946ರಲ್ಲಿ ಇಲ್ಲಿ ಹುಟ್ಟಿದ ವಿದ್ಯಾಧರ ಎಂಬ ಹುಡುಗ ಮನೆ ಬಿಟ್ಟು ಹೊರಟು, 1968ರಲ್ಲಿ ಅಜ್ಮೇರದಲ್ಲಿ ಜೈನ ಮುನಿಯಾಗಿ ದೀಕ್ಷೆ ಪಡೆದು, ಮುಂದೆ ಆಚಾರ್ಯ ವಿದ್ಯಾಸಾಗರರಾದರು. ಅವರ ಹೆಸರು ಹೇಳಿಕೊಂಡು ನಾವು ಇಂದಿಗೂ ಎದೆ ಉಬ್ಬಿಸುತ್ತೇವೆ. ಮುನಿಗಳ ತ್ಯಾಗಕ್ಕೂ ನಮ್ಮ ಸಂಸಾರದ ಲೆಕ್ಕಾಚಾರಕ್ಕೂ ಹೋಲಿಕೆ ಮಾಡುತ್ತಿಲ್ಲ. ಆದರೆ ಹಿಡಿದ ಹಾದಿ ಬಿಟ್ಟು ಇನ್ನೊಂದು ಹಿಡಿಯುವುದೇ ಪಾಪ ಎನ್ನುವ ಮಾತು ಈ ಊರಿನ ಬಾಯಲ್ಲಂತೂ ಬರಬಾರದು.

ಪುಣ್ಯದ ಮಾತಿನ ಹಿಂದೆ ಇನ್ನೊಂದು ಸಂಗತಿ ಅಡಗಿದೆ. ಪುಣ್ಯ ಎಂದು ಹೆಸರಿಟ್ಟ ಕೆಲಸಕ್ಕೆ ಪಗಾರ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ದುಡಿಮೆಯ ಸ್ಥಿತಿ ನೋಡಿ ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಸಮಿತಿ ನೇಮಿಸಲು ಕೇಂದ್ರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಸರಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕೂ ಮಿಕ್ಕಿ ಕಡಿಮೆ ಇರಬಾರದು. 50ರಿಂದ 100 ಇದ್ದರೆ ಶೇ. 25ಕ್ಕೂ ಮಿಕ್ಕಿ ಕಡಿಮೆ ಇರಬಾರದು. 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಕೂಡದು. ಜಾರಿ ಮಾಡುವ ಹೊಣೆ ರಾಜ್ಯಗಳದು. ನಿಮ್ಮ ಪಗಾರದ ಚೀಟಿ ತೆಗೆದು ಈ ಸಾಲಿನ ಪಕ್ಕದಲ್ಲಿಟ್ಟು ನೋಡಿ. ಅದರ ಮೇಲೆ ಹನ್ನೆರಡು ತಾಸಿನ ನೈಟ್, ಒಬ್ಬಳಿಗೆ ಇಡೀ ವಾರ್ಡು, ಪೇಶಂಟ್ ಎತ್ತಿ ಎತ್ತಿ ಹಿಡಿದುಕೊಂಡ ಸೊಂಟ, ಸೂಜಿ ಚುಚ್ಚಿಕೊಂಡ ಹೆದರಿಕೆ, ಬಿಲ್ಲು ಹೆಚ್ಚಾಯಿತೆಂದು ಡಾಕ್ಟರರನ್ನು ಬಿಟ್ಟು ನಮ್ಮ ಮೇಲೆ ಬರುವ ಸಂಬಂಧಿಕರು. ಇಷ್ಟು ಇರುವಾಗ ಬಿಟ್ಟು ಹೋಗುವ ಹುಡುಗಿಯ ಮನಸ್ಸು ಗಟ್ಟಿಯಿಲ್ಲ ಎನ್ನುವುದು ಅನ್ಯಾಯ.

ಎರಡನೆಯ ಮಾತು ರೊಕ್ಕದ್ದು. ಕಬ್ಬಿನ ಬಿಲ್ಲು ಬಂದ ಮೇಲೆ ಫೀ ಕಟ್ಟಿದ ಅಪ್ಪಂದಿರ ಸಂಕಟ ನನಗೆ ಗೊತ್ತು. ಆದರೆ ವಿದ್ಯೆ ಯೂನಿಫಾರ್ಮಿನ ಕೂಡ ಮರಳಿ ಕೊಡುವ ವಸ್ತುವಲ್ಲ. ವಾರ್ಡಿನಲ್ಲಿ ನಾವು ಕಲಿತದ್ದನ್ನು ಎಣಿಸಿ ನೋಡಿ. ಹತ್ತು ಜನ ಒಟ್ಟಿಗೆ ಕರೆದಾಗ ಯಾರ ಹತ್ತಿರ ಮೊದಲು ಓಡಬೇಕೆಂದು ಗುರುತಿಸುವುದು. ಔಷಧದ ಪ್ರಮಾಣದ ಲೆಕ್ಕ ತಪ್ಪದೆ ಹಾಕುವುದು. ಡ್ಯೂಟಿ ಮುಗಿಯುವ ಹೊತ್ತಿಗೆ ಮುಂದಿನವಳಿಗೆ ಒಂದನ್ನೂ ಬಿಡದೆ ಒಪ್ಪಿಸುವುದು. ಮಾಡಿದ ಕೆಲಸವನ್ನೆಲ್ಲ ಬರೆದಿಡುವುದು. ಕೆಟ್ಟ ಸುದ್ದಿ ಕೇಳಲಿರುವವರ ಮುಂದೆ ಸಮಾಧಾನದಿಂದ ನಿಲ್ಲುವುದು, ಅದೂ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ. ಇವನ್ನು ಕಲಿಸಲು ದೊಡ್ಡ ಕಂಪನಿಗಳು ರೊಕ್ಕ ಖರ್ಚು ಮಾಡುತ್ತವೆ. ಕ್ಲೇಮಿನ ಕಾಗದ ನೋಡುವಾಗ ನನಗೆ ದಾರಿ ತೋರಿಸುವುದು ಹಳೆಯ ನರ್ಸಿಂಗ್ ನೋಟ್ಸ್ ಬರೆದ ಕೈಯೇ. ಯಾವ ದಿನ ಯಾವ ಗುಳಗಿ ನಿಲ್ಲಬೇಕಿತ್ತು, ಯಾವ ಸಲಾಯಿನ್ ಬಿಲ್ಲಿನಲ್ಲಿ ಮಾತ್ರ ಹರಿದಿದೆ ಎನ್ನುವುದು ವಾರ್ಡು ನೋಡದವರಿಗೆ ಬೇಗ ಕಾಣುವುದಿಲ್ಲ.

ಕಲಿತದ್ದನ್ನು ಬೇರೆ ಕಡೆ ಹಚ್ಚಿದವರ ದೊಡ್ಡ ಉದಾಹರಣೆಗಳೂ ಇವೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸ್ ಆದರು. ಬೆನ್ನುನೋವು ವಾರ್ಡು ಬಿಡಿಸಿತು. ಆಸ್ಪತ್ರೆಯಲ್ಲೇ ಸಮಾಜಸೇವಾ ಕಾರ್ಯಕರ್ತೆಯಾದರು, ಆಮೇಲೆ ಮತ್ತೆ ಓದಿ 1957ರಲ್ಲಿ ಡಾಕ್ಟರ್ ಆದರು. ಗುಣವಾಗದ ರೋಗಿಗಳು ನೋವಿಲ್ಲದೆ ಕೊನೆಯ ದಿನ ಕಳೆಯಲೆಂದು 1967ರಲ್ಲಿ ಲಂಡನ್ನಿನಲ್ಲಿ ಅವರು ಆರಂಭಿಸಿದ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ಜಗತ್ತಿಗೇ ಮಾದರಿಯಾಯಿತು. ಬೆಂಗಳೂರಿನ ಕರುಣಾಶ್ರಯ ಅದೇ ಪರಂಪರೆಯದು. ಎರಡು ಸಲ ಕೆಲಸ ಬದಲಿಸಿದ ಈಕೆಯ ಹತ್ತಿರ ಮೊದಲ ಕೆಲಸದಲ್ಲಿ ಕಲಿತದ್ದು ಕೊನೆಯವರೆಗೂ ಇತ್ತು. ನಮಗೆ ಹತ್ತಿರದ ಇನ್ನೊಂದು ಹೆಸರು ಮುಂಬಯಿಯ ಕಿಶೋರಿ ಪೆಡ್ನೇಕರ್. ನರ್ಸ್ ಆಗಿದ್ದವರು ರಾಜಕಾರಣಕ್ಕೆ ಬಂದು 2019ರಲ್ಲಿ ಮುಂಬಯಿ ಮಹಾಪೌರರಾದರು. 2020ರ ಏಪ್ರಿಲ್‌ನಲ್ಲಿ ಕೊರೊನಾ ಏರುತ್ತಿದ್ದಾಗ ನರ್ಸಿನ ಬಿಳಿ ಬಟ್ಟೆ ತೊಟ್ಟು ನಾಯರ್ ಆಸ್ಪತ್ರೆಯ ಸಿಸ್ಟರ್‌ಗಳ ನಡುವೆ ಹೋಗಿ ನಿಂತರು. ಪಕ್ಷದ ಮಾತು ಬದಿಗಿರಲಿ. ನೌಕರಿ ಬಿಟ್ಟರೂ ಆಕೆ ನರ್ಸ್ ಎಂಬುದನ್ನು ಊರು ಮರೆಯುವುದಿಲ್ಲ.

ಇನ್ನು ಮೂರನೆಯದು: ಮುಂದೆ ಯಾರು ಕೇಳುತ್ತಾರೆ? ಇಲ್ಲಿ ಸಮಾಧಾನದ ಮಾತಿಗಿಂತ ಮಾಹಿತಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವ ಕಾಗದ ಯಾವುದು ನೋಡಿಕೊಳ್ಳಿ. ಎ.ಎನ್.ಎಂ. ಮತ್ತು ಜಿ.ಎನ್.ಎಂ. ಡಿಪ್ಲೊಮಾ ಮಟ್ಟದವು, ಪದವಿಗಳಲ್ಲ. ಬಿ.ಎಸ್ಸಿ. ನರ್ಸಿಂಗ್ ಪದವಿ. ಪಿಡಿಒ ಅಥವಾ ಬ್ಯಾಂಕಿನಂಥ ‘ಯಾವುದೇ ಪದವಿ’ ಕೇಳುವ ಪರೀಕ್ಷೆಗೆ ಬಿ.ಎಸ್ಸಿ. ನರ್ಸಿಂಗ್ ಆದವರು ಕೂರಬಹುದು, ಜಿ.ಎನ್.ಎಂ. ಆದವರು ಕೂರಲಾಗದು. ಜಿ.ಎನ್.ಎಂ. ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡರೆ ಈ ಬಾಗಿಲೂ ತೆರೆಯುತ್ತದೆ, ನರ್ಸಿಂಗ್ ಒಳಗಿನ ಬಾಗಿಲೂ ತೆರೆಯುತ್ತದೆ. ಗಡಿಯಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರು ಕರ್ನಾಟಕದ ಸರಕಾರಿ ಪರೀಕ್ಷೆಗಳ ಕಡ್ಡಾಯ ಕನ್ನಡ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಆಡುವ ಕನ್ನಡ ಬೇರೆ, ಅರ್ಜಿ ಬರೆಯುವ ಕನ್ನಡ ಬೇರೆ.

ವಾರ್ಡು ಬೇಡ, ಆದರೆ ಜನರ ಆರೋಗ್ಯದ ಕೆಲಸ ಬೇಕು ಎನ್ನುವವರಿಗೆ ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ. 2018ರ ಆಯುಷ್ಮಾನ್ ಭಾರತದೊಂದಿಗೆ ಬಂದದ್ದು ಅದು, ಬಿ.ಎಸ್ಸಿ. ನರ್ಸಿಂಗ್ ಆದವರನ್ನು ತೆಗೆದುಕೊಳ್ಳುತ್ತಾರೆ. ಬಿ.ಪಿ., ಶುಗರ್ ನೋಡುವುದು, ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಊರೂರು ತಿರುಗುವುದು ಇದರ ಕೆಲಸ. ಗುತ್ತಿಗೆಯ ನೌಕರಿ ಎನ್ನುವುದನ್ನು ತಿಳಿದೇ ಸೇರಬೇಕು. ಕಲಿಸುವ ಮನಸ್ಸಿದ್ದವರಿಗೆ ನರ್ಸಿಂಗ್ ಶಾಲೆಗಳಿವೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬಿ.ಎಸ್ಸಿ. ಜೊತೆ ವಾರ್ಡಿನ ಅನುಭವ ಇದ್ದರೆ ಟ್ಯೂಟರ್ ಆಗಬಹುದು, ಎಂ.ಎಸ್ಸಿ. ಆದವರು ಉಪನ್ಯಾಸಕಿಯರಾಗಬಹುದು.

ಸಕ್ಕರೆ ಕಾರ್ಖಾನೆಗಳ ಈ ನಾಡಿನಲ್ಲಿ ಒಂದು ದಾರಿಯನ್ನು ಬಹಳ ಜನ ಗಮನಿಸಿಲ್ಲ. 1948ರ ಕಾರ್ಖಾನೆ ಕಾಯ್ದೆ, 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ ಇರಬೇಕು, ಅದನ್ನು ವೈದ್ಯಕೀಯ ಮತ್ತು ನರ್ಸಿಂಗ್ ಸಿಬ್ಬಂದಿ ನೋಡಿಕೊಳ್ಳಬೇಕು ಎಂದು ಹೇಳಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಸುತ್ತ ಇಂಥ ಕಾರ್ಖಾನೆಗಳಿಗೆ ಬರವಿಲ್ಲ. ಕೊಲ್ಹಾಪುರ, ಇಚಲಕರಂಜಿಯ ಫೌಂಡ್ರಿ, ಗಿರಣಿಗಳೂ ಹತ್ತಿರದಲ್ಲೇ ಇವೆ. ಹಂಗಾಮಿನಲ್ಲಿ ಕೈ ಸಿಕ್ಕಿಸಿಕೊಂಡ, ಬಿಸಿ ರಸ ಚೆಲ್ಲಿಕೊಂಡ ಕಾರ್ಮಿಕನಿಗೆ ಮೊದಲ ಹತ್ತು ನಿಮಿಷದಲ್ಲಿ ಬೇಕಾದವಳು ನೀವು. ಹೋಗಿ ಕೇಳಿ. ಕೇಳದೆ ಯಾರೂ ಕರೆಯುವುದಿಲ್ಲ.

ಮೇಜಿನ ಕೆಲಸ ಬೇಕೆನ್ನುವವರಿಗೆ ವಿಮೆಯ ಕ್ಲೇಮು, ಮೆಡಿಕಲ್ ಕೋಡಿಂಗ್, ಆಸ್ಪತ್ರೆಗಳ ಗುಣಮಟ್ಟ ಮತ್ತು ಸೋಂಕು ನಿಯಂತ್ರಣ ವಿಭಾಗ, ಔಷಧ ಪ್ರಯೋಗಗಳ ಸಮನ್ವಯ, ಸರಕಾರಿ ಆರೋಗ್ಯ ಯೋಜನೆಯ ಆರೋಗ್ಯಮಿತ್ರದಂಥ ಹುದ್ದೆಗಳಿವೆ. ಕೋಡಿಂಗ್ ಎಂದರೆ ರೋಗ ಮತ್ತು ಚಿಕಿತ್ಸೆಯನ್ನು ನಿಗದಿಯಾದ ಸಂಕೇತಗಳಿಗೆ ಇಳಿಸುವುದು. ಅದಕ್ಕೆ ಇಂಗ್ಲಿಷ್ ಓದು ಗಟ್ಟಿಯಿರಬೇಕು, ತಾಸುಗಟ್ಟಲೆ ಕೂರುವ ತಾಳ್ಮೆ ಇರಬೇಕು. ಕಲಿಸುತ್ತೇವೆಂದು ದೊಡ್ಡ ಫೀ ಕೇಳಿ ನೌಕರಿಯ ಗ್ಯಾರಂಟಿ ಕೊಡುವ ಕ್ಲಾಸುಗಳಿಗೆ ರೊಕ್ಕ ಕಟ್ಟುವ ಮೊದಲು ಅಲ್ಲಿ ಕಲಿತು ಕೆಲಸಕ್ಕೆ ಸೇರಿದವರನ್ನು ಕಂಡು ಮಾತಾಡಿ. ನಿಜ ಹೇಳಬೇಕೆಂದರೆ ಇಂಥ ಕೆಲಸಗಳಲ್ಲಿ ಮೊದಲ ವರ್ಷದ ಪಗಾರ ಹಿರಿಯ ಸ್ಟಾಫ್ ನರ್ಸಿನ ಪಗಾರಕ್ಕಿಂತ ಕಡಿಮೆ ಇರಬಹುದು. ಸಾಲದ ಕಂತು ತಲೆಯ ಮೇಲೆ ಇದ್ದವರು ಇದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕದೆ ರಾಜೀನಾಮೆ ಬರೆಯಬಾರದು.

ಎರಡು ಕೆಲಸಗಳಿಗೆ ಮಾತ್ರ ಕೈ ಹಾಕಬೇಡಿ. ಒಂದು, ‘ನೀನೇ ನರ್ಸ್ ಇದ್ದೀ, ಮೆಡಿಕಲ್ ಹಾಕು’ ಎನ್ನುವ ಮಾತು ಕೇಳಿ ಔಷಧದ ಅಂಗಡಿ ತೆರೆಯುವುದು. ಔಷಧ ಕೊಡುವ ಅಧಿಕಾರ 1948ರ ಫಾರ್ಮಸಿ ಕಾಯ್ದೆಯಂತೆ ನೋಂದಾಯಿತ ಫಾರ್ಮಸಿಸ್ಟ್‌ದು. ನರ್ಸಿಂಗ್ ಕಾಗದ ಅಲ್ಲಿ ನಡೆಯದು. ಎರಡು, ಮನೆಯ ಪಡಸಾಲೆಯಲ್ಲಿ ಸೂಜಿ ಮಾಡಿ, ಸಲಾಯಿನ್ ಹಚ್ಚಿ ರೊಕ್ಕ ತೆಗೆದುಕೊಳ್ಳುವುದು. ನೌಕರಿ ಬಿಟ್ಟು ಮನೆಯಲ್ಲಿ ಕುಂತ ಮಾರನೇ ದಿನವೇ ಓಣಿಯವರು ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಬಿ.ಪಿ. ನೋಡಿ ಕಳಿಸಿ, ಚೀಟಿ ಓದಿ ಹೇಳಿ, ಬಾಣಂತಿಗೆ ಹಾಲುಣಿಸುವುದನ್ನು ತೋರಿಸಿಕೊಡಿ. ಡಾಕ್ಟರರ ಚೀಟಿ ಇಲ್ಲದೆ ಸೂಜಿ ಹಿಡಿದರೆ ಮಾತ್ರ ನೀವು ನರ್ಸ್ ಅಲ್ಲ, ನಕಲಿ ಡಾಕ್ಟರ್. ಒಂದು ರಿಯಾಕ್ಷನ್ ಆದರೆ ಪೇಶಂಟಿನ ಜೀವವೂ ಹೋದೀತು, ನಿಮ್ಮ ರಿಜಿಸ್ಟ್ರೇಷನ್ನೂ ಹೋದೀತು.

ರಿಜಿಸ್ಟ್ರೇಷನ್ ಎಂದೆ. ಇಡೀ ಪತ್ರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದಾಗಲಿ: ನೌಕರಿ ಬಿಡಿ, ರಿಜಿಸ್ಟ್ರೇಷನ್ ಬಿಡಬೇಡಿ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಿ. ಅದಕ್ಕೆ ಬೇಕಾದ ಮುಂದುವರಿದ ಶಿಕ್ಷಣದ ತಾಸುಗಳನ್ನು ಕಾರ್ಯಾಗಾರಗಳಿಗೆ ಹೋಗಿ ಗಳಿಸಿಕೊಳ್ಳಿ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಹೊಸ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ನಿಯಮಗಳು ಬದಲಾಗುವ ಕಾಲ ಇದು. ನಮ್ಮ ಗಡಿಯವರಿಗೆ ಇನ್ನೊಂದು ತೊಡಕೂ ಇದೆ. ಮಿರಜ, ಸಾಂಗಲಿಯಲ್ಲಿ ಕಲಿತವರ ಹೆಸರು ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿರುತ್ತದೆ. ಕರ್ನಾಟಕದ ನರ್ಸಿಂಗ್ ಹುದ್ದೆಗೆ ಅರ್ಜಿ ಹಾಕುವಾಗ ಇಲ್ಲಿನ ಕೌನ್ಸಿಲ್‌ನ ನೋಂದಣಿ ಕೇಳುತ್ತಾರೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಿಸಿ ಇಲ್ಲಿ ಹೆಸರು ಸೇರಿಸಲು ತಿಂಗಳುಗಳು ಹಿಡಿಯಬಹುದು. ಅರ್ಜಿಯ ಕೊನೆಯ ದಿನ ಎದ್ದು ಓಡುವ ಕೆಲಸವಲ್ಲ ಅದು. ಬಿಟ್ಟ ಕೆಲಸಕ್ಕೆ ಮರಳುವ ಸಂದರ್ಭ ಯಾರಿಗೂ ಬರಬಹುದು: ಗಂಡನ ಕಾಯಿಲೆ, ಮಕ್ಕಳ ಫೀ, 2019ರಂತೆ ಹೊಲ ಮನೆ ಮುಳುಗಿಸುವ ಮಹಾಪೂರ. ಆಗ ಆ ಒಂದು ಕಾಗದ ಮನೆ ನಡೆಸುತ್ತದೆ.

ಇನ್ನು ಬಿಡುವ ಮೊದಲಿನ ಲೆಕ್ಕ. ಒಂದೇ ಆಸ್ಪತ್ರೆಯಲ್ಲಿ ಮುರಿಯದೆ ಐದು ವರ್ಷ ದುಡಿದ ಕಾಯಂ ನೌಕರರಿಗೆ ಗ್ರಾಚ್ಯುಟಿ ಬರುತ್ತದೆ, ವರ್ಷಕ್ಕೆ ಕೊನೆಯ ಪಗಾರದ ಹದಿನೈದು ದಿನದಷ್ಟು. ನಾಲ್ಕೂವರೆ ವರ್ಷಕ್ಕೆ ಸಿಟ್ಟಿನಲ್ಲಿ ಎದ್ದು ಬರುವ ಮೊದಲು ಕ್ಯಾಲೆಂಡರ್ ನೋಡಿ. ಪಿ.ಎಫ್.ನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟೊಂಬತ್ತು ವರ್ಷ ಆದವರು ಪಿಂಚಣಿ ಪಾಲನ್ನು ಬಿಡಿಸಿಕೊಂಡು ಖರ್ಚು ಮಾಡದೆ, ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡು ಮುಂದಿನ ನೌಕರಿಗೆ ಜೋಡಿಸಬಹುದು. ಯಾವ ವಾರ್ಡು, ಎಷ್ಟು ವರ್ಷ, ಯಾವ ಜವಾಬ್ದಾರಿ ಎಂದು ಬಿಡಿಸಿ ಬರೆದ ಅನುಭವ ಪತ್ರ ಕೈಗೆ ಬರುವವರೆಗೆ ಬೆನ್ನು ಹತ್ತಿ. ಮೂಲ ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟುಗಳು ನಿಮ್ಮ ಆಸ್ತಿ. ಬಾಂಡ್ ಹೆಸರಿನಲ್ಲಿ ಅವನ್ನು ಹಿಡಿದಿಟ್ಟುಕೊಂಡಿದ್ದರೆ ಬಾಂಡಿನ ಪ್ರತಿ ಹಿಡಿದು ಚಿಕ್ಕೋಡಿಯ ಯಾವುದಾದರೂ ವಕೀಲರನ್ನು ಕಾಣಿ, ಕೈ ಕಟ್ಟಿ ಕೂರಬೇಡಿ. ಸರಕಾರಿ ನೌಕರಿಯಲ್ಲಿದ್ದು ಬೇರೆ ಸರಕಾರಿ ಹುದ್ದೆಗೆ ಹೋಗುವವರು ಇಲಾಖೆಯ ಅನುಮತಿಯೊಂದಿಗೇ ಅರ್ಜಿ ಹಾಕಿ. ಸುಮ್ಮನೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೋಗುತ್ತದೆ.

ಎಲ್ಲರೂ ಬಿಡಿ ಎಂದು ನಾನು ಹೇಳುತ್ತಿಲ್ಲ. ವಾರ್ಡು ಬದಲಿಸಿದರೆ, ಆಸ್ಪತ್ರೆ ಬದಲಿಸಿದರೆ, ನೈಟ್ ಇಲ್ಲದ ಓಪಿಡಿ ಸಿಕ್ಕರೆ ಹಗುರಾಗುವ ದಣಿವೂ ಇರುತ್ತದೆ. ಒಂದು ಸೂಟಿ ಹಾಕಿ ನಾಲ್ಕು ರಾತ್ರಿ ಸರಿಯಾಗಿ ಮಲಗಿ ಎದ್ದ ಮೇಲೂ ಬಿಡಬೇಕೆನಿಸಿದರೆ ಆ ಮಾತು ನಂಬಿ. ಜರ್ಮನಿಗೋ ಗಲ್ಫಿಗೋ ಹೋಗುವುದು ದೇಶ ಬದಲಿಸುವುದೇ ಹೊರತು ಕೆಲಸ ಬದಲಿಸುವುದಲ್ಲ. ಸೊಂಟ ಅಲ್ಲಿಯೂ ಇದೇ ಸೊಂಟ.

ಈ ಪತ್ರ ಓದುವ ಅಪ್ಪ-ಅವ್ವಂದಿರಿಗೆ, ಅತ್ತೆ-ಮಾವಂದಿರಿಗೆ ಒಂದು ವಿನಂತಿ. ಮಗಳು, ಸೊಸೆ ನೌಕರಿ ಬಿಡುತ್ತೇನೆಂದಾಗ ‘ಯಾಕೆ’ ಎಂದು ಕೇಳುವ ಮೊದಲು ‘ಮುಂದೆ ಏನು ಮಾಡಬೇಕಂತಿ’ ಎಂದು ಕೇಳಿ. ಮನೆಯಲ್ಲಿ ಅಡಿಗೆ ಮಾಡಿಕೊಂಡು ಇರಲಿ ಎಂಬ ಆಸೆಯಿಂದ ಬಿಡಿಸಲೂ ಬೇಡಿ. ಅವಳ ಕೆಲಸ ಬದಲಾಗಬಹುದು, ಅವಳ ಕೈಯ ಪಗಾರ ನಿಲ್ಲಬಾರದು. ಆಸ್ಪತ್ರೆ ನಡೆಸುವವರಿಗೆ ಹೇಳುವುದು ಇಷ್ಟೇ: ವರ್ಷ ವರ್ಷ ಹೊಸ ಹುಡುಗಿಯರನ್ನು ಕಡಿಮೆ ಪಗಾರಕ್ಕೆ ತಂದು ಅನುಭವಸ್ಥರನ್ನು ಕಳೆದುಕೊಳ್ಳುತ್ತಿದ್ದೀರಿ. ಆ ನಷ್ಟವನ್ನು ಹೊರುವವನು ಹಾಸಿಗೆಯ ಮೇಲಿನ ಪೇಶಂಟ್. 20,000 ರೂಪಾಯಿಯ ಶಿಫಾರಸು ಬಂದು ವರ್ಷಗಳೇ ಆದವು. ಅದನ್ನು ಇಂದಿನ ಬೆಲೆಗೆ ಏರಿಸಿ ಕೊಡಿ, ಬಿಡುವವರು ಎಷ್ಟು ಜನ ಉಳಿಯುತ್ತಾರೋ ನೋಡೋಣ.

ಸಿಸ್ಟರ್‌ಗಳೇ, ಕೆಲಸ ಬದಲಿಸುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಈ ವಾರವೇ ಕೂತು ನಿಮ್ಮ ರಿಜಿಸ್ಟ್ರೇಷನ್ ಯಾವಾಗ ಮುಗಿಯುತ್ತದೆ, ಗ್ರಾಚ್ಯುಟಿಗೆ ಎಷ್ಟು ತಿಂಗಳು ಬಾಕಿ ಇದೆ, ಮನೆ ನಡೆಸಲು ಆರು ತಿಂಗಳಿಗೆ ಎಷ್ಟು ಬೇಕು ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಆ ಹಾಳೆ ಸರಿಹೋದ ದಿನ ರಾಜೀನಾಮೆ ಬರೆಯಿರಿ.

ಇಂತಿ ನಿಮ್ಮ,
ಸದಲಗಾದ ಒಬ್ಬ ಮಾಜಿ ಸ್ಟಾಫ್ ನರ್ಸ್